ಹೊಸ ಆಪರೇಟರ್‌ಗೂ ಅರ್ಥವಾಗುವ ಮೆಷಿನ್ ಸ್ಕ್ರೀನ್ ಮಾಡುವುದು ಹೇಗೆ?

ಪಿಎಲ್‌ಸಿ, ಅಂದರೆ ಮೆಷಿನ್ ನಡೆಸುವ ಕಂಪ್ಯೂಟರ್, ಅದಕ್ಕೆ ಪ್ರೋಗ್ರಾಂ ಬರೆಯುವವರು, ಸಣ್ಣ ವರ್ಕ್‌ಶಾಪ್‌ಗಳಲ್ಲಿ ಮೆಷಿನ್ ಕಟ್ಟುವವರು ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ. "ಮೆಷಿನ್ ಚೆನ್ನಾಗಿ ಓಡುತ್ತೆ. ಆದರೆ ಹೊಸ ಆಪರೇಟರ್ ಬಂದಾಗೆಲ್ಲ ನಮಗೆ ಫೋನ್ ಬರುತ್ತೆ. ಸ್ಕ್ರೀನ್ ಹೇಗಿರಬೇಕಿತ್ತು?" ಪೀಣ್ಯ ಆಗಲಿ, ಬೆಳಗಾವಿಯ ಉದ್ಯಮಬಾಗ್ ಆಗಲಿ, ಶಿವಮೊಗ್ಗದ ಮಾಚೇನಹಳ್ಳಿ ಆಗಲಿ, ಎಲ್ಲ ಕಡೆ ಆಪರೇಟರ್‌ಗಳು ಬದಲಾಗುತ್ತಲೇ ಇರುತ್ತಾರೆ. ಐಟಿಐ ಮುಗಿಸಿದ ಹುಡುಗ ಇವತ್ತು ಸೇರಿದರೆ ನಾಳೆ ಸೆಕೆಂಡ್ ಶಿಫ್ಟ್‌ನಲ್ಲಿ ಒಬ್ಬನೇ ನಿಂತಿರುತ್ತಾನೆ. ಆಗ ಅವನಿಗೆ ಹೇಳಿಕೊಡುವವರು ಯಾರು? ನೀವು ಮಾಡಿದ ಸ್ಕ್ರೀನ್ ಮಾತ್ರ.

ಉದಾಹರಣೆಗೆ ಒಂದು ಎಸ್‌ಪಿಎಂ ತೆಗೆದುಕೊಳ್ಳೋಣ. ಎಸ್‌ಪಿಎಂ ಅಂದರೆ ಒಂದೇ ಬಗೆಯ ಕೆಲಸಕ್ಕೆಂದು ಕಟ್ಟಿದ ಮೆಷಿನ್. ನಮ್ಮದು ಎರಕದ ಜಾಬನ್ನು (ಕೆಲಸ ಮಾಡಬೇಕಾದ ತುಂಡನ್ನು) ಕ್ಲ್ಯಾಂಪ್ ಮಾಡಿ, ಅಂದರೆ ಬಿಗಿಯಾಗಿ ಹಿಡಿದು, ತೂತು ಕೊರೆದು, ಟ್ಯಾಪ್ ಹಾಕಿ, ಅಂದರೆ ತೂತಿನೊಳಗೆ ಸ್ಕ್ರೂ ಕೂರಲು ಸುರುಳಿ ಗೆರೆ ಕೊರೆದು ಬಿಡುತ್ತದೆ. ಒಳಗೆ ಪಿಎಲ್‌ಸಿ. ಹೊರಗೆ 7 ಇಂಚಿನ ಎಚ್‌ಎಂಐ, ಅಂದರೆ ಆಪರೇಟರ್ ಮುಟ್ಟಿ ಬಳಸುವ ಸ್ಕ್ರೀನ್. ಬೇರೆ ಮೆಷಿನ್ ಇದ್ದರೂ ಹಂತಗಳು ಇವೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಷ್ಟದ ಸ್ಕ್ರೀನ್‌ಗಳೆಲ್ಲ ವೈರಿಂಗ್ ಡ್ರಾಯಿಂಗ್ ನೋಡಿಕೊಂಡು ಮಾಡಿದವು: ಇನ್‌ಪುಟ್‌ಗೆ ಒಂದು ಪೇಜ್, ಔಟ್‌ಪುಟ್‌ಗೆ ಒಂದು ಪೇಜ್, ಟೈಮರ್‌ಗೆ ಒಂದು ಪೇಜ್. ಅದು ಮೆಷಿನ್ ಕಟ್ಟಿದವರಿಗೆ ಗೊತ್ತಿರುವ ಜೋಡಣೆ. ಆಪರೇಟರ್ ತಲೆಯಲ್ಲಿರುವುದು ಕೆಲಸ: ಜಾಬ್ ಇಡು, ಓಡಿಸು, ತೆಗೆ, ಟೂಲ್ ಬದಲಿಸು. ಸ್ಕ್ರೀನ್ ಆ ಕೆಲಸದ ಕ್ರಮದಲ್ಲಿರಬೇಕು. ಕೆಳಗಿನ ಹಂತಗಳೆಲ್ಲ ಇದನ್ನೇ ಹಿಡಿದು ಹೋಗುತ್ತವೆ.

ಏನೇನು ಬೇಕು

ಬಿಳಿ ಹಾಳೆ, ಪೆನ್ಸಿಲ್, ರಬ್ಬರ್, ಸ್ಕೇಲ್. ವಿಡಿಯೋ ತೆಗೆಯಲು ಒಂದು ಫೋನ್, ಜೊತೆಗೆ ಮಾಲೀಕರ ಮತ್ತು ಆಪರೇಟರ್‌ಗಳ ಒಪ್ಪಿಗೆ. ಇಂಥದ್ದೇ ಮೆಷಿನ್ ಓಡುತ್ತಿರುವ ಜಾಗದಲ್ಲಿ ಒಂದು ಪೂರ್ತಿ ಶಿಫ್ಟ್. ಎಚ್‌ಎಂಐ ಸಾಫ್ಟ್‌ವೇರನ್ನು ಈಗಲೇ ತೆರೆಯಬೇಡಿ. ತೆರೆದರೆ ಬಣ್ಣ, ಐಕಾನ್ ಆರಿಸುತ್ತಾ ಕೂರುತ್ತೀರಿ.

1. ನಿಂತು ನೋಡಿ, ಕೆಲಸಗಳ ಪಟ್ಟಿ ಮಾಡಿ

ಆಪರೇಟರ್ ಪಕ್ಕದಲ್ಲಿ ನಿಂತು ಅವರು ಮಾಡುವುದನ್ನೆಲ್ಲ ಬರೆಯಿರಿ. ಪ್ರತಿಯೊಂದರ ಮುಂದೆ ಅದು ಎಷ್ಟು ಸಲ ಆಗುತ್ತದೆ ಅಂತ ಹಾಕಿ: ಪ್ರತಿ ಜಾಬ್‌ಗೆ, ಪ್ರತಿ ಶಿಫ್ಟ್‌ಗೆ, ವಾರಕ್ಕೊಮ್ಮೆ, ಅಪರೂಪಕ್ಕೆ. ಪ್ರತಿ ಜಾಬ್‌ಗೂ ಬೇಕಾದದ್ದು ಮೊದಲ ಸ್ಕ್ರೀನ್‌ನಲ್ಲಿ ಇರಬೇಕು. ಪ್ರತಿ ಶಿಫ್ಟ್‌ಗೆ ಬೇಕಾದದ್ದು ಒಂದು ಒತ್ತಿನ ದೂರದಲ್ಲಿ. ಸರ್ವೀಸ್‌ನವರಿಗೆ ಮಾತ್ರ ಬೇಕಾದದ್ದು ಒಳಗೆ ಇರಲಿ.

ಅವರು ಆಡುವ ಮಾತುಗಳನ್ನೂ ಹಾಗೇ ಬರೆದುಕೊಳ್ಳಿ. ಮುಂದೆ ಬಟನ್ ಮೇಲೆ ಹಾಕಬೇಕಾದ ಪದಗಳು ಅಲ್ಲೇ ಸಿಗುತ್ತವೆ.

ಎಚ್ಚರಿಕೆ: ಮಾಲೀಕರನ್ನೋ ಪ್ರೊಡಕ್ಷನ್ ಮ್ಯಾನೇಜರನ್ನೋ ಮಾತ್ರ ಕೇಳಿ ಪಟ್ಟಿ ಮುಗಿಸಬೇಡಿ. ಅವರಿಗೆ ಕೌಂಟ್, ರಿಪೋರ್ಟ್, ಗ್ರಾಫ್ ಬೇಕು. ಅದನ್ನೆಲ್ಲ ಕೊಡಿ, ಬೇರೆ ಪೇಜ್‌ನಲ್ಲಿ ಕೊಡಿ.

2. ಯಾವುದು ನಿಜವಾದ ಬಟನ್, ಯಾವುದು ಸ್ಕ್ರೀನ್ ಬಟನ್?

ಎಮರ್ಜೆನ್ಸಿ ಸ್ಟಾಪ್ ಯಾವತ್ತೂ ನಿಜವಾದ ಬಟನ್ನೇ. ಕೆಂಪು ತಲೆ, ಹಳದಿ ಹಿನ್ನೆಲೆ, ಒತ್ತಿದರೆ ಅಲ್ಲೇ ಕಚ್ಚಿಕೊಂಡು ನಿಲ್ಲಬೇಕು. ಅದನ್ನು ಬಿಡಿಸಿದ ಮಾತ್ರಕ್ಕೆ ಮೆಷಿನ್ ತಾನಾಗಿ ಶುರುವಾಗಬಾರದು. ಐಎಸ್‌ಒ 13850 ಎಂಬ ಸುರಕ್ಷತಾ ಮಾನದಂಡ ಹೇಳುವುದೂ ಇದನ್ನೇ. ಸ್ಕ್ರೀನ್ ಹ್ಯಾಂಗ್ ಆದರೂ, ಕೈಯಲ್ಲಿ ಎಣ್ಣೆ ಇದ್ದರೂ ಅದು ಕೆಲಸ ಮಾಡಬೇಕು. ಸೈಕಲ್ ಸ್ಟಾರ್ಟ್ ಮತ್ತು ಸ್ಟಾಪ್ ಕೂಡ ನಿಜವಾದ ಬಟನ್ ಆಗಿರಲಿ. ದಿನಕ್ಕೆ ನೂರಾರು ಸಲ ಒತ್ತುವುದನ್ನು ಗಾಜಿನ ಮೇಲೆ ಇಡುವುದು ನನಗೆ ಸರಿ ಕಾಣುವುದಿಲ್ಲ.

ಬಣ್ಣಗಳಿಗೆ ಐಇಸಿ 60204-1 ಮಾನದಂಡ ನೋಡಿ. ಸ್ಟಾರ್ಟ್‌ಗೆ ಬಿಳಿ ಅಥವಾ ಹಸಿರು ನಡೆಯುತ್ತದೆ, ಕೆಂಪು ಕೂಡದು. ಲ್ಯಾಂಪ್‌ಗಳಲ್ಲಿ ಕೆಂಪು ಅಂದರೆ ಅಪಾಯ, ಹಳದಿ ಅಂದರೆ ಏನೋ ಸರಿಯಿಲ್ಲ, ಹಸಿರು ಅಂದರೆ ಎಲ್ಲ ಸರಿ, ನೀಲಿ ಅಂದರೆ ಆಪರೇಟರ್ ಏನೋ ಮಾಡಲೇಬೇಕು. ಸ್ಕ್ರೀನ್ ಮೇಲೂ ಇದೇ ಅರ್ಥ ಉಳಿಸಿಕೊಳ್ಳಿ. ಮೋಟಾರ್ ನಿಂತಿದೆ ಅಂತ ತೋರಿಸಲು ಕೆಂಪು ಬಳಸಬೇಡಿ. ನಿಂತಿರುವುದು ತಪ್ಪೇನಲ್ಲ. ಅದಕ್ಕೆ ಬೂದು ಬಣ್ಣ ಸಾಕು. ಕೆಂಪು-ಹಸಿರು ವ್ಯತ್ಯಾಸ ಕಾಣದ ಕಣ್ಣಿನವರು ಗಂಡಸರಲ್ಲಿ ಅಪರೂಪವೇನಲ್ಲ. ಹಾಗಾಗಿ ಬಣ್ಣದ ಜೊತೆ ಒಂದು ಪದವೋ ಆಕಾರವೋ ಇರಲೇಬೇಕು.

ಅಕ್ಕಪಕ್ಕದ ಬಟನ್‌ಗಳು ಒಂದೇ ಥರ ಇದ್ದರೆ ನುರಿತವರೂ ಎಡವುತ್ತಾರೆ. ಎರಡನೇ ಮಹಾಯುದ್ಧದ ಬಿ-17 ವಿಮಾನದಲ್ಲಿ ಚಕ್ರ ಮಡಿಸುವ ಸ್ವಿಚ್ ಮತ್ತು ರೆಕ್ಕೆಯ ಫ್ಲಾಪ್ ಸ್ವಿಚ್ ಪಕ್ಕಪಕ್ಕದಲ್ಲಿ, ಒಂದೇ ಥರ ಇದ್ದವು. ನೆಲಕ್ಕಿಳಿದ ಮೇಲೆ ಫ್ಲಾಪ್ ಎತ್ತಲು ಹೋಗಿ ಪೈಲಟ್‌ಗಳು ಚಕ್ರ ಮಡಿಸಿಬಿಡುತ್ತಿದ್ದರು. 1943ರಲ್ಲಿ ಆಲ್ಫಾನ್ಸ್ ಚಪಾನಿಸ್ ಎಂಬ ಮನಃಶಾಸ್ತ್ರಜ್ಞ ತಪ್ಪು ಪೈಲಟ್‌ಗಳದ್ದಲ್ಲ, ಸ್ವಿಚ್‌ಗಳದ್ದು ಎಂದು ಗುರುತಿಸಿದರು. ಪರಿಹಾರ ಸರಳ: ಚಕ್ರದ ಸ್ವಿಚ್‌ಗೆ ಚಕ್ರದ ಆಕಾರದ ರಬ್ಬರ್ ಹಿಡಿ, ಫ್ಲಾಪ್ ಸ್ವಿಚ್‌ಗೆ ಬೆಣೆಯಾಕಾರದ ಹಿಡಿ. ನಿಮ್ಮ ಪ್ಯಾನೆಲ್‌ನಲ್ಲೂ ಕ್ಲ್ಯಾಂಪ್ ಬಿಡಿಸುವ ಬಟನ್ ಸೈಕಲ್ ಸ್ಟಾರ್ಟ್ ಪಕ್ಕ ಬೇಡ.

3. ಮೊದಲ ಸ್ಕ್ರೀನ್: ಮೂರು ಪ್ರಶ್ನೆಗೆ ಉತ್ತರ

ಮೊದಲ ಸ್ಕ್ರೀನ್ ಈ ಮೂರಕ್ಕೆ ಉತ್ತರ ಕೊಟ್ಟರೆ ಅರ್ಧ ಫೋನ್‌ಗಳು ನಿಲ್ಲುತ್ತವೆ: ಮೆಷಿನ್ ಈಗ ಏನು ಮಾಡುತ್ತಿದೆ? ನಾನು ಮುಂದೆ ಏನು ಮಾಡಬೇಕು? ನಿಂತಿದ್ದರೆ ಯಾಕೆ ನಿಂತಿದೆ?

ಮೇಲ್ಗಡೆ ದೊಡ್ಡ ಅಕ್ಷರದಲ್ಲಿ ಒಂದು ಸಾಲು ಇಡಿ. "ಆಟೋ – ತೂತು ಕೊರೆಯುತ್ತಿದೆ" ಅಥವಾ "ಜಾಬ್ ಇಡಿ, ಬಾಗಿಲು ಮುಚ್ಚಿ, ಸ್ಟಾರ್ಟ್ ಒತ್ತಿ". ಈ ಸಾಲು ಸದಾ ಅದೇ ಜಾಗದಲ್ಲಿರಬೇಕು, ಯಾವ ಪೇಜ್‌ಗೆ ಹೋದರೂ ಕಾಣಬೇಕು.

ಈಗ ಎಲ್ಲಕ್ಕಿಂತ ಜಾಸ್ತಿ ಜನರನ್ನು ಕಾಡುವ ವಿಷಯ. ಹೊಸಬರು ಸ್ಟಾರ್ಟ್ ಒತ್ತುತ್ತಾರೆ, ಏನೂ ಆಗುವುದಿಲ್ಲ. ಮತ್ತೆ ಒತ್ತುತ್ತಾರೆ, ಜೋರಾಗಿ ಒತ್ತುತ್ತಾರೆ, ಆಮೇಲೆ ಸೂಪರ್‌ವೈಸರನ್ನು ಹುಡುಕಿಕೊಂಡು ಹೋಗುತ್ತಾರೆ. ಒಳಗೆ ನಡೆಯುತ್ತಿರುವುದು ಇಷ್ಟೇ: ಇಂಟರ್‌ಲಾಕ್, ಅಂದರೆ ಎಲ್ಲ ಸರಿಯಿದ್ದರೆ ಮಾತ್ರ ಶುರುವಾಗು ಎನ್ನುವ ಷರತ್ತು, ಯಾವುದೋ ಒಂದು ಕಡೆ ಪೂರೈಸಿಲ್ಲ. ಆ ಷರತ್ತು ಯಾವುದು ಅಂತ ಪಿಎಲ್‌ಸಿಗೆ ಗೊತ್ತು. ಹಾಗಿದ್ದ ಮೇಲೆ ಹೇಳಬಹುದಲ್ವಾ? ಸ್ಟಾರ್ಟ್ ಒತ್ತಿದ ಕೂಡಲೇ "ಶುರುವಾಗಲು ಇದು ಬಾಕಿ ಇದೆ" ಅಂತ ಬರಲಿ. ಅದರ ಕೆಳಗೆ ಬಾಕಿ ಇರುವುದನ್ನು ಮಾತ್ರ ತೋರಿಸಿ: "ಹಿಂದಿನ ಬಾಗಿಲು ತೆರೆದಿದೆ", "ಗಾಳಿಯ ಒತ್ತಡ ಕಡಿಮೆ ಇದೆ". ಸರಿಯಿರುವ ಹನ್ನೆರಡು ಷರತ್ತುಗಳನ್ನೂ ಹಸಿರು ಟಿಕ್ ಹಾಕಿ ತೋರಿಸಿದರೆ ಬೇಕಾದದ್ದು ಅದರಲ್ಲಿ ಮುಳುಗಿಹೋಗುತ್ತದೆ. ಇದೊಂದನ್ನು ಮಾಡಲು ಪ್ರೋಗ್ರಾಮರ್‌ಗೆ ಅರ್ಧ ದಿನದ ಕೆಲಸ ಇರಬಹುದು. ಈ ಲೇಖನದಲ್ಲಿ ಒಂದೇ ಒಂದನ್ನು ಆರಿಸಿಕೊಳ್ಳುವುದಾದರೆ ಇದನ್ನೇ ಆರಿಸಿಕೊಳ್ಳಿ.

ಇನ್ನೊಂದು ದೊಡ್ಡ ಎಚ್ಚರಿಕೆ. ಸ್ಕ್ರೀನ್ ಮೇಲೆ "ಕ್ಲ್ಯಾಂಪ್ ಆಗಿದೆ" ಎಂಬ ದೀಪ ಯಾವುದರಿಂದ ಉರಿಯುತ್ತದೆ? ಪಿಎಲ್‌ಸಿ ಸೊಲೆನಾಯ್ಡ್‌ಗೆ (ಕರೆಂಟ್ ಬಂದಾಗ ವಾಲ್ವ್ ಸರಿಸುವ ಕಾಯಿಲ್‌ಗೆ) ಕೊಟ್ಟ ಆದೇಶದಿಂದಲೋ, ಕ್ಲ್ಯಾಂಪ್ ನಿಜವಾಗಿ ಮುಚ್ಚಿದಾಗ ಬರುವ ಸೆನ್ಸರ್ ಸಿಗ್ನಲ್‌ನಿಂದಲೋ? ಆದೇಶದಿಂದ ಉರಿಸಿದರೆ ಸ್ಕ್ರೀನ್ ಸುಳ್ಳು ಹೇಳಿದ ಹಾಗೆ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣು ವಿದ್ಯುತ್ ಸ್ಥಾವರದಲ್ಲಿ ಹೀಗೇ ಆಯಿತು. ವಾಲ್ವ್ ತೆರೆದೇ ಸಿಕ್ಕಿಕೊಂಡಿತ್ತು. ಪ್ಯಾನೆಲ್‌ನ ದೀಪ ಮಾತ್ರ ಮುಚ್ಚುವ ಸಿಗ್ನಲ್ ಹೋಗಿದೆ ಅನ್ನುವುದನ್ನಷ್ಟೇ ತೋರಿಸುತ್ತಿತ್ತು. ವಾಲ್ವ್ ಮುಚ್ಚಿದೆ ಅಂತ ಆಪರೇಟರ್‌ಗಳು ನಂಬಿದರು. ತಂಪು ನೀರು ಹೊರಗೆ ಹೋಗುತ್ತಲೇ ಇತ್ತು, ರಿಯಾಕ್ಟರ್‌ನ ಒಂದು ಭಾಗ ಕರಗಿತು. ನಿಮ್ಮ ಮೆಷಿನ್‌ನಲ್ಲಿ ಅಷ್ಟು ದೊಡ್ಡದು ಆಗುವುದಿಲ್ಲ, ನಿಜ. ಆದರೆ ಕ್ಲ್ಯಾಂಪ್ ಆಗದ ಜಾಬ್ ಡ್ರಿಲ್ ಕೆಳಗೆ ತಿರುಗಿದರೆ ಒಂದು ಕೈ ಹೋಗಬಹುದು. ಸೆನ್ಸರ್ ಇಲ್ಲದಿದ್ದರೆ ಹಾಕಿಸಿ. ಅದು ಬರುವವರೆಗೆ "ಕ್ಲ್ಯಾಂಪ್ ಆಗಿದೆ" ಅಂತ ಬರೆಯಬೇಡಿ, "ಕ್ಲ್ಯಾಂಪ್ ಆದೇಶ ಕೊಟ್ಟಿದೆ" ಅಂತ ಬರೆಯಿರಿ.

4. ಕೈಯಿಂದ ಚಲಾಯಿಸುವ ಪೇಜ್

ಜಾಗ್ ಅಂದರೆ ಬಟನ್ ಒತ್ತಿ ಹಿಡಿದಷ್ಟು ಹೊತ್ತು ಮೆಷಿನ್‌ನ ಒಂದು ಭಾಗವನ್ನು ಸರಿಸುವುದು. ಹೊಸಬರು ಟೂಲ್ ಮುರಿಯುವುದು ಬಹುಪಾಲು ಇಲ್ಲೇ.

ಬಾಣದ ಗುರುತುಗಳು ಆಪರೇಟರ್ ನಿಂತ ಜಾಗದಿಂದ ಕಾಣುವ ದಿಕ್ಕಿಗೇ ಇರಬೇಕು. ಸಿಎನ್‌ಸಿ, ಅಂದರೆ ಕಂಪ್ಯೂಟರ್ ಪ್ರೋಗ್ರಾಂನಿಂದ ಓಡುವ ಮೆಷಿನ್‌ನವರಿಗೆ ಈ ತೊಡಕು ಚೆನ್ನಾಗಿ ಗೊತ್ತು. ಟೇಬಲ್ ಎಡ-ಬಲಕ್ಕೆ ಸರಿಯುವ ವಿಎಂಸಿಯಲ್ಲಿ (ಟೂಲ್ ಮೇಲಿನಿಂದ ನೆಟ್ಟಗೆ ಇಳಿಯುವ ಸಿಎನ್‌ಸಿ ಮೆಷಿನ್‌ನಲ್ಲಿ) ಎಕ್ಸ್ ಪ್ಲಸ್ ಒತ್ತಿದರೆ ಟೇಬಲ್ ಎಡಕ್ಕೆ ಹೋಗುತ್ತದೆ. ಲೆಕ್ಕ ಹಾಕುವುದು ಜಾಬ್‌ಗೆ ಹೋಲಿಸಿ ಟೂಲ್ ಎತ್ತ ಹೋಯಿತು ಅಂತ. ಲೆಕ್ಕ ಸರಿ, ಆದರೆ ಹೊಸಬರ ಕಣ್ಣಿಗೆ ಉಲ್ಟಾ. ನಿಮ್ಮ ಎಸ್‌ಪಿಎಂನಲ್ಲಿ ಎಕ್ಸ್, ವೈ ಯಾಕೆ ಬೇಕು? ಮೆಷಿನ್‌ನ ಒಂದು ಸರಳ ಚಿತ್ರ ಬರೆದು, ಚಲಿಸುವ ಭಾಗದ ಪಕ್ಕದಲ್ಲೇ ಬಾಣ ಇಡಿ. "ಹೆಡ್ ಕೆಳಗೆ", "ಸ್ಲೈಡ್ ಮುಂದೆ" ಅಂತ ಬರೆಯಿರಿ.

ಪೇಜ್ ತೆರೆದಾಗ ವೇಗ ಯಾವಾಗಲೂ ನಿಧಾನದಲ್ಲೇ ಇರಲಿ. ಹಿಂದಿನವರು ಫಾಸ್ಟ್‌ನಲ್ಲಿ ಬಿಟ್ಟಿದ್ದರೂ ಹೊಸದಾಗಿ ತೆರೆದಾಗ ನಿಧಾನಕ್ಕೆ ಬರಬೇಕು. ಬೆರಳು ಎತ್ತಿದರೆ ನಿಲ್ಲಬೇಕು. ಕೆಲವು ಟಚ್ ಪ್ಯಾನೆಲ್‌ಗಳಲ್ಲಿ ಸಂಪರ್ಕ ಕಡಿದರೆ ಬಟನ್ "ಒತ್ತಿದ" ಸ್ಥಿತಿಯಲ್ಲೇ ಪಿಎಲ್‌ಸಿಯಲ್ಲಿ ಉಳಿದುಬಿಡುತ್ತದೆ. ಜಾಗ್ ಒತ್ತಿ ಹಿಡಿದು ಕೇಬಲ್ ಕಿತ್ತು ಪರೀಕ್ಷೆ ಮಾಡಿ. ಹತ್ತಿರ ಯಾರೂ ಇಲ್ಲದಾಗ, ಟೂಲ್ ತೆಗೆದಿಟ್ಟು ಮಾಡಿ. ಇದಕ್ಕೆ ಪಿಎಲ್‌ಸಿಯಲ್ಲೇ ರಕ್ಷಣೆ ಬರೆಯಬೇಕು. ಆಗದಿದ್ದರೆ ಜಾಗ್‌ಗೆ ನಿಜವಾದ ಬಟನ್‌ಗಳನ್ನೇ ಹಾಕಿ.

5. ಅಂಕಿ ತುಂಬುವ ಜಾಗ

ಪ್ರತಿ ಅಂಕಿಯ ಪಕ್ಕ ಅಳತೆಯ ಮಾನ ಇರಲಿ: ಮಿ.ಮೀ., ಸೆಕೆಂಡ್, ಬಾರ್. ಕನಿಷ್ಠ-ಗರಿಷ್ಠ ಮಿತಿಯನ್ನು ತುಂಬುವ ಮೊದಲೇ ತೋರಿಸಿ. ತಪ್ಪಾದರೆ "ಇನ್ವ್ಯಾಲಿಡ್" ಅಂತ ಸುಮ್ನೆ ಬಿಟ್ಟುಬಿಡಬೇಡಿ, "5ರಿಂದ 40 ಮಿ.ಮೀ. ಒಳಗೆ ಕೊಡಿ" ಅನ್ನಿ.

ದಶಾಂಶ ಬಿಂದುವಿನ ಬಗ್ಗೆ ವಿಶೇಷ ಜಾಗ್ರತೆ. ಅನೇಕ ಸಿಎನ್‌ಸಿ ಕಂಟ್ರೋಲ್‌ಗಳಲ್ಲಿ ಬಿಂದು ಇಲ್ಲದೆ 10 ಅಂತ ಕೊಟ್ಟರೆ ಅದನ್ನು 10 ಮೈಕ್ರಾನ್, ಅಂದರೆ 0.010 ಮಿ.ಮೀ. ಅಂತ ಓದುವ ಸೆಟ್ಟಿಂಗ್ ಇರುತ್ತದೆ. 10 ಮಿ.ಮೀ. ಬೇಕಿದ್ದರೆ ಬಿಂದು ಹಾಕಲೇಬೇಕು. ಹೊಸಬರು ಇದನ್ನು ಕಲಿಯುವುದು ಒಂದು ಜಾಬ್ ಸ್ಕ್ರ್ಯಾಪ್ ಆದ ಮೇಲೆ. ನಿಮ್ಮ ಸ್ಕ್ರೀನ್‌ನಲ್ಲಿ 10 ಅಂದರೆ 10.000 ಅಂತಲೇ ಕಾಣಿಸಿ. ಹಳೆಯ ಅಂಕಿ ಮತ್ತು ಹೊಸ ಅಂಕಿ ಎರಡನ್ನೂ ಪಕ್ಕಪಕ್ಕ ತೋರಿಸಿ ಒಪ್ಪಿಗೆ ಕೇಳಿ.

ಹಾಗಂತ ಎಲ್ಲದಕ್ಕೂ "ಖಚಿತವೇ?" ಅಂತ ಕೇಳುತ್ತಾ ಹೋಗಬೇಡಿ. ದಿನಕ್ಕೆ ಐವತ್ತು ಸಲ ಕೇಳಿದರೆ ಓದದೇ "ಹೌದು" ಒತ್ತುವುದು ಅಭ್ಯಾಸ ಆಗುತ್ತದೆ. ವಾಪಸ್ ತರಲಾಗದ ಕೆಲಸಕ್ಕೆ ಮಾತ್ರ ಕೇಳಿ.

6. ಅಲಾರಂ: ಇಲ್ಲಿ ಸಮಯ ಕೊಡಿ

ಮೆಷಿನ್ ನಿಂತಾಗ ಹೊಸಬರಿಗೆ ಭಯ ಆಗುತ್ತದೆ. ಆಗ ಸ್ಕ್ರೀನ್ ಮೇಲೆ "ಫಾಲ್ಟ್ 37" ಅಂತ ಬಂದರೆ ಅವರು ಮಾಡುವುದು ಒಂದೇ: ರೀಸೆಟ್ ಒತ್ತುವುದು. ಮತ್ತೆ ಬಂದರೆ ಮತ್ತೆ ರೀಸೆಟ್.

ಇದು ಎಷ್ಟು ಅಪಾಯಕಾರಿ ಅಂತ ಥೆರಾಕ್-25 ಎಂಬ ಕ್ಯಾನ್ಸರ್ ವಿಕಿರಣ ಚಿಕಿತ್ಸೆಯ ಯಂತ್ರ ತೋರಿಸಿತು. 1985ರಿಂದ 1987ರ ನಡುವೆ ಅಮೆರಿಕ, ಕೆನಡಾಗಳಲ್ಲಿ ಆರು ರೋಗಿಗಳಿಗೆ ಅತಿಯಾದ ವಿಕಿರಣ ತಗುಲಿತು, ಕೆಲವರು ತೀರಿಕೊಂಡರು. ಮೂಲ ತಪ್ಪು ಸಾಫ್ಟ್‌ವೇರ್ ಮತ್ತು ಸುರಕ್ಷತೆಯ ವಿನ್ಯಾಸದಲ್ಲಿತ್ತು. ಅದರ ಮೇಲೆ ಸ್ಕ್ರೀನ್ ಹೇಳಿದ್ದು "ಮಾಲ್‌ಫಂಕ್ಷನ್ 54" ಎಂದಷ್ಟೇ. ಇಂಥ ಸಂದೇಶಗಳು ಆಗಾಗ ಬರುತ್ತಿದ್ದವು. "ಪಿ" ಕೀ ಒತ್ತಿ ಮುಂದುವರಿಯುವುದು ಆಪರೇಟರ್‌ಗಳಿಗೆ ರೂಢಿಯಾಗಿತ್ತು.

ಪ್ರತಿ ಅಲಾರಂನಲ್ಲಿ ಮೂರು ಭಾಗ ಇರಲಿ: ಏನಾಯಿತು, ಎಲ್ಲಿ, ಈಗ ಏನು ಮಾಡಬೇಕು.

ಬೇಡ: "ಐ 0.7 ಫಾಲ್ಟ್".

ಬೇಕು: "ಕ್ಲ್ಯಾಂಪ್ ಪೂರ್ತಿ ಮುಚ್ಚಿಲ್ಲ. ಬಲಗಡೆ ಪ್ರಾಕ್ಸಿ, ನಂಬರ್ 7. ಬಾಗಿಲು ತೆರೆಯಿರಿ, ಚಿಪ್ಸ್ ಇದ್ದರೆ ಬ್ರಷ್‌ನಿಂದ ತೆಗೆಯಿರಿ, ಬಾಗಿಲು ಮುಚ್ಚಿ ರೀಸೆಟ್ ಒತ್ತಿ. ಮತ್ತೆ ಬಂದರೆ ಮೇಂಟೆನೆನ್ಸ್‌ನವರನ್ನು ಕರೆಯಿರಿ."

ಪ್ರಾಕ್ಸಿ ಅಂದರೆ ಲೋಹ ಹತ್ತಿರ ಬಂದಾಗ ಸಿಗ್ನಲ್ ಕೊಡುವ ಸೆನ್ಸರ್. ಮೆಷಿನ್ ಮೇಲೆ ಆ ಪ್ರಾಕ್ಸಿಯ ಪಕ್ಕದಲ್ಲೂ 7 ಅಂತ ಸ್ಟಿಕರ್ ಅಂಟಿಸಿ. ಸ್ಕ್ರೀನ್‌ನಲ್ಲಿ ನಂಬರ್ ಇದ್ದು ಮೆಷಿನ್‌ನಲ್ಲಿ ಇಲ್ಲದಿದ್ದರೆ ಏನು ಪ್ರಯೋಜನ? ಐ 0.7 ಎಂಬ ಪಿಎಲ್‌ಸಿ ಇನ್‌ಪುಟ್‌ನ ವಿಳಾಸವೂ ಸಣ್ಣ ಅಕ್ಷರದಲ್ಲಿ ಮೂಲೆಯಲ್ಲಿರಲಿ, ಎಲೆಕ್ಟ್ರಿಷಿಯನ್‌ಗೆ ಬೇಕಾಗುತ್ತದೆ. ಬಾಗಿಲು ತೆರೆದಾಗ ಅಪಾಯದ ಚಲನೆಯೆಲ್ಲ ನಿಲ್ಲುತ್ತದೆ ಅಂತ ಖಾತ್ರಿ ಮಾಡಿಕೊಳ್ಳದೆ "ಕೈ ಹಾಕಿ ತೆಗೆಯಿರಿ" ಎಂಬ ಅರ್ಥದ ಸೂಚನೆ ಯಾವತ್ತೂ ಬರೆಯಬೇಡಿ.

ಗಾಳಿಯ ಒತ್ತಡ ಇಳಿದರೆ ಕ್ಲ್ಯಾಂಪ್ ಬಿಡುತ್ತದೆ, ಸ್ಲೈಡ್ ನಿಲ್ಲುತ್ತದೆ, ಸ್ಪಿಂಡಲ್ (ಡ್ರಿಲ್ ತಿರುಗಿಸುವ ಭಾಗ) ರೆಡಿ ಎನ್ನುವ ಸಿಗ್ನಲ್ ನಿಂತುಹೋಗುತ್ತದೆ. ನಾಲ್ಕು ಅಲಾರಂ ಒಟ್ಟಿಗೆ ಬರುತ್ತವೆ. ಪಟ್ಟಿಯ ಮೇಲೆ ಕಾಣುವುದು ಕೊನೆಯದು, ಮೂಲ ಕಾರಣ ತಳದಲ್ಲಿ. ಮೊದಲು ಬಂದದ್ದನ್ನು ಪಿಎಲ್‌ಸಿಯಲ್ಲಿ ಹಿಡಿದಿಟ್ಟು ಅದನ್ನೇ ದೊಡ್ಡದಾಗಿ ತೋರಿಸಿ. ಉಳಿದವು "ಇನ್ನೂ 3" ಅಂತ ಸಣ್ಣದಾಗಿ ಇರಲಿ. ಮತ್ತೆ, ಆಪರೇಟರ್ ಏನೂ ಮಾಡಬೇಕಿಲ್ಲದ ವಿಷಯ ಅಲಾರಂ ಆಗಬಾರದು. "ಬ್ಯಾಚ್ ಮುಗಿಯಿತು" ಅನ್ನುವುದು ಮಾಹಿತಿ. ಅದಕ್ಕೆ ಕೆಂಪು ದೀಪ, ಬಝರ್ ಬೇಡ.

7. ಕನ್ನಡ ಮತ್ತು ಬೇರೆ ಭಾಷೆಗಳು

ವರ್ಕ್‌ಶಾಪ್‌ನಲ್ಲಿ ಆಡುವ ಮಾತೇ ಬಟನ್ ಮೇಲೆ ಬರಲಿ. ಕ್ಲ್ಯಾಂಪ್, ಸ್ಪಿಂಡಲ್, ಕೂಲೆಂಟ್ ಹಾಗೇ ಕನ್ನಡ ಲಿಪಿಯಲ್ಲಿರಲಿ. ವಾಕ್ಯ ಕನ್ನಡದ್ದಾಗಿರಲಿ. ಬೆಂಗಳೂರಿನ ಶೆಡ್‌ಗಳಲ್ಲಿ ಬಿಹಾರ, ಒಡಿಶಾದಿಂದ ಬಂದವರೂ ಇದೇ ಮೆಷಿನ್ ನಡೆಸುತ್ತಾರೆ. ಭಾಷೆ ಬದಲಿಸುವ ಬಟನ್ ಮೊದಲ ಸ್ಕ್ರೀನ್‌ನಲ್ಲೇ ಇರಲಿ, ಪ್ರತಿ ಭಾಷೆಯ ಹೆಸರು ಅದರದೇ ಲಿಪಿಯಲ್ಲಿರಲಿ.

ಈಗ ತಾಂತ್ರಿಕ ತೊಡಕು. ಎಷ್ಟೋ ಎಚ್‌ಎಂಐಗಳಿಗೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ಕಂಪ್ಯೂಟರ್‌ನಲ್ಲಿ ಸರಿಯಾಗಿ ಕಂಡದ್ದು ಪ್ಯಾನೆಲ್‌ನಲ್ಲಿ ಒಡೆದು ಕಾಣುತ್ತದೆ. ಖರೀದಿಸುವ ಮೊದಲೇ "ಕ್ಲ್ಯಾಂಪ್", "ಸ್ಕ್ರೂ", "ಕಾರ್ಯ", "ಫಿಕ್ಸ್ಚರ್" ಈ ನಾಲ್ಕು ಪದ ನಿಜವಾದ ಪ್ಯಾನೆಲ್‌ಗೆ ಹಾಕಿಸಿ ನೋಡಿ. ಒಡೆದರೆ ಪದಗಳನ್ನು ಚಿತ್ರವಾಗಿ ಮಾಡಿ ಹಾಕುವುದೇ ದಾರಿ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಪ್ಯಾನೆಲ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬರುತ್ತದೆ. ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷ್‌ಗಿಂತ ಜಾಸ್ತಿ ಜಾಗ ಬಿಡಿ.

ಗಾತ್ರದ ಲೆಕ್ಕ: 7 ಇಂಚಿನ, 800 × 480 ಪಿಕ್ಸೆಲ್‌ನ ಸ್ಕ್ರೀನ್ ಸುಮಾರು 154 ಮಿ.ಮೀ. ಅಗಲ ಇರುತ್ತದೆ. ಅಂದರೆ ಒಂದು ಮಿ.ಮೀ.ಗೆ ಐದು ಪಿಕ್ಸೆಲ್ ಚಿಲ್ಲರೆ. ಗ್ಲೌಸ್ ಹಾಕಿದ ಬೆರಳಿಗೆ 20 ಮಿ.ಮೀ. ಬಟನ್ ಬೇಕು, ಹಾಗಾಗಿ 100 ಪಿಕ್ಸೆಲ್‌ಗಿಂತ ಚಿಕ್ಕದು ಮಾಡಬೇಡಿ. ಒಂದು ಮೀಟರ್ ದೂರದಿಂದ ಓದಲು ಅಕ್ಷರ 5 ಮಿ.ಮೀ. ಆದರೂ ಎತ್ತರ ಇರಬೇಕು.

8. ಪಾಸ್‌ವರ್ಡ್

ಆಪರೇಟರ್, ಸೆಟರ್ (ಟೂಲ್, ಅಳತೆ ಹೊಂದಿಸುವವರು), ಮೇಂಟೆನೆನ್ಸ್ ಎಂಬ ಮೂರು ಮಟ್ಟ ಸಾಕು. ಆಪರೇಟರ್‌ಗೆ ದಿನವೂ ಬೇಕಾದದ್ದಕ್ಕೆ ಬೀಗ ಹಾಕಿದರೆ ಪಾಸ್‌ವರ್ಡ್ ಮಾರ್ಕರ್‌ನಲ್ಲಿ ಪ್ಯಾನೆಲ್ ಮೇಲೇ ಬರುತ್ತದೆ. ಹಾಗೆ ಬರೆದದ್ದು ಕಂಡರೆ ನಿಮ್ಮ ಹಂಚಿಕೆ ಸರಿಯಿಲ್ಲ ಅಂತ ತಿಳಿಯಿರಿ. ಬೀಗ ಹಾಕಿದ ಪೇಜನ್ನೂ ನೋಡಲು ಬಿಡಿ, ಬದಲಿಸಲು ಮಾತ್ರ ತಡೆಯಿರಿ. ನೋಡಿ ನೋಡಿಯೇ ಹೊಸಬರು ಸೆಟರ್ ಆಗುವುದು.

9. ಕಾಗದದ ಮೇಲೆ ಪರೀಕ್ಷೆ

ಸ್ಕ್ರೀನ್‌ಗಳನ್ನು ನಿಜವಾದ ಅಳತೆಯಲ್ಲಿ ಹಾಳೆಯ ಮೇಲೆ ಬರೆಯಿರಿ. ಈ ಮೆಷಿನ್ ಮುಟ್ಟಿರದ ಒಬ್ಬರನ್ನು ಕೂರಿಸಿ. ಸ್ಟೋರ್ಸ್‌ನವರು, ಹೆಲ್ಪರ್, ಹೊಸ ಟ್ರೈನಿ, ಯಾರಾದರೂ ಸರಿ. ಒಂದು ಕೆಲಸ ಕೊಡಿ: "ತೂತಿನ ಆಳ 18 ಮಿ.ಮೀ. ಮಾಡಿ", "ಮೆಷಿನ್ ನಿಂತಿದೆ, ಯಾಕೆ ಅಂತ ಹೇಳಿ". ಅವರು ಬೆರಳಿಟ್ಟ ಕಡೆಗೆ ತಕ್ಕ ಹಾಳೆ ಮುಂದಿಡಿ.

ನೀವು ಮಾತಾಡಬಾರದು. ಇದು ತುಂಬ ಕಷ್ಟ, ಬಾಯಿಗೆ ಬಂದೇ ಬರುತ್ತದೆ. ಆದರೆ "ಮೇಲೆ ನೋಡಿ" ಅಂದ ಕ್ಷಣ ಪರೀಕ್ಷೆ ಮುಗಿಯಿತು. ಅವರು ಎಲ್ಲಿ ತಡೆದರು, ಮೊದಲು ಎಲ್ಲಿ ಬೆರಳಿಟ್ಟರು, ಯಾವ ಪದಕ್ಕೆ ಹುಬ್ಬು ಗಂಟಿಕ್ಕಿದರು, ಇಷ್ಟನ್ನು ಬರೆಯಿರಿ. "ಚೆನ್ನಾಗಿದೆಯಾ?" ಅಂತ ಕೇಳಬೇಡಿ. ನಮ್ಮ ಜನ ಸಂಕೋಚಕ್ಕೆ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. "ಪರೀಕ್ಷೆ ನಿಮಗಲ್ಲ, ಸ್ಕ್ರೀನ್‌ಗೆ" ಅಂತ ಶುರುವಿನಲ್ಲೇ ಹೇಳಿ. ಐದು ಜನರ ಹತ್ತಿರ ಮಾಡಿಸಿದರೆ ದೊಡ್ಡ ತೊಡಕುಗಳು ಬಹುತೇಕ ಹೊರಬರುತ್ತವೆ. ಮಧ್ಯೆ ತಿದ್ದುತ್ತಾ ಹೋಗಿ. ರಬ್ಬರ್ ಇರುವುದು ಅದಕ್ಕೇ. ಈಗ ಎಚ್‌ಎಂಐ ಸಾಫ್ಟ್‌ವೇರ್ ತೆರೆಯಿರಿ.

10. ಮೆಷಿನ್ ಹೋದ ಮೇಲೆ

ಪ್ರತಿ ಅಲಾರಂ ಎಷ್ಟು ಸಲ ಬಂತು, ರೀಸೆಟ್ ಎಷ್ಟು ಬೇಗ ಒತ್ತಿದರು ಎಂಬುದು ಎಚ್‌ಎಂಐನಲ್ಲಿ ದಾಖಲಾಗಲಿ. ಎರಡು ವಾರ ಬಿಟ್ಟು ಹೋಗಿ ಅದನ್ನು ತೆಗೆದು ನೋಡಿ. ಒಂದೇ ಅಲಾರಂ ದಿನವೂ ಹತ್ತಾರು ಸಲ ಬಂದಿದ್ದರೆ ಬರಹ ತಿದ್ದುವುದಕ್ಕಿಂತ ಮೊದಲು ಆ ಸೆನ್ಸರನ್ನೋ ಜಾಬ್ ಕೂರಿಸುವ ಫಿಕ್ಸ್ಚರನ್ನೋ ಸರಿ ಮಾಡಿ. ಬಂದ ಒಂದೆರಡು ಸೆಕೆಂಡಿನಲ್ಲೇ ರೀಸೆಟ್ ಆಗಿದ್ದರೆ ಯಾರೂ ಅದನ್ನು ಓದುತ್ತಿಲ್ಲ ಅಂತ ಅರ್ಥ. ಆ ಸಂದೇಶವನ್ನು ಅಲ್ಲಿನ ಆಪರೇಟರ್ ಜೊತೆ ಕೂತು ಹೊಸದಾಗಿ ಬರೆಯಿರಿ. ಪ್ಯಾನೆಲ್ ಮೇಲೆ ಅವರು ಅಂಟಿಸಿದ ಚೀಟಿಗಳ, ಪೆನ್ನಿನಲ್ಲಿ ಬರೆದ ಗುರುತುಗಳ ಫೋಟೋ ತೆಗೆದುಕೊಳ್ಳಿ. ಸ್ಕ್ರೀನ್‌ನಲ್ಲಿ ಇಲ್ಲದ್ದನ್ನೇ ಅವರು ಅಲ್ಲಿ ಬರೆದಿರುತ್ತಾರೆ. ಅವನ್ನೆಲ್ಲ ಮುಂದಿನ ವರ್ಷನ್‌ಗೆ ಸೇರಿಸಿ. ಹಳೆಯ ವರ್ಷನ್‌ನ ಬ್ಯಾಕಪ್ ತಾರೀಖು ಹಾಕಿ ಇಟ್ಟುಕೊಂಡೇ ಹೊಸದನ್ನು ಲೋಡ್ ಮಾಡಿ. ಅದನ್ನೂ ಶಿಫ್ಟ್ ಶುರುವಾಗುವ ಮೊದಲು, ಎಲ್ಲ ಆಪರೇಟರ್‌ಗಳಿಗೆ ಏನು ಬದಲಾಗಿದೆ ಅಂತ ಹೇಳಿದ ಮೇಲೆ ಮಾಡಿ.